ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ದಿನದ ಕೆಲಸದಲ್ಲೇ ಥೆರಪಿ

ಸೆರೆಬ್ರಲ್ ಪಾಲ್ಸಿ ಅಂದರೆ ಮಿದುಳಿಗೆ ಆದ ಹಾನಿಯಿಂದ ಕೈಕಾಲು ಆಡಿಸುವುದು ಕಷ್ಟವಾಗುವ ತೊಂದರೆ. ಇದಕ್ಕೆ ವಾರಕ್ಕೆ ಒಂದೆರಡು ಗಂಟೆ ಥೆರಪಿ ಸಾಲದು. ಉಳಿದ ಹೊತ್ತೆಲ್ಲ ಮಗು ನಿಮ್ಮ ಜೊತೆಯೇ ಇರುತ್ತದೆ, ಅಲ್ವಾ? ಅದಕ್ಕೆ ಬಟ್ಟೆ, ಸ್ನಾನ, ಊಟವನ್ನೇ ಅಭ್ಯಾಸ ಮಾಡಿಕೊಳ್ಳಿ.

ಅಂಗಿ ಹಾಕುವಾಗ ಬಿಗಿ ಇರುವ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಮುಷ್ಟಿ ಬಿಗಿಯಾಗಿದ್ದರೆ ಬೆರಳ ತುದಿ ಹಿಡಿದು ಎಳೆಯಬೇಡಿ. ಮಣಿಕಟ್ಟನ್ನು ಅಂಗೈ ಕಡೆಗೆ ಮೆಲ್ಲಗೆ ಬಗ್ಗಿಸಿ, ಬೆರಳುಗಳು ತಾವಾಗಿಯೇ ಸ್ವಲ್ಪ ಸಡಿಲವಾಗುತ್ತವೆ, ಆಮೇಲೆ ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಗೆ ತನ್ನಿ. ಕತ್ತರಿಯಂತೆ ಸೇರಿಕೊಳ್ಳುವ ಕಾಲುಗಳಿಗೂ ಹೀಗೇ. ಪಾದ ಹಿಡಿದು ಅಗಲಿಸಬೇಡಿ, ಮೊದಲು ಸೊಂಟ, ಮಂಡಿ ಮಡಚಿ. ಗಡಿಬಿಡಿ ಬೇಡವೇ ಬೇಡ, ಜೋರಾಗಿ ಎಳೆದಷ್ಟೂ ಸ್ನಾಯು ಇನ್ನೂ ಜಾಸ್ತಿ ಬಿಗಿಯುತ್ತದೆ.

ಕೂರಿಸುವಾಗ ಪಾದ ಪೂರ್ತಿ ಊರಿರಲಿ. ಪಾದಕ್ಕೆ ಆಸರೆ ಸಿಕ್ಕರೆ ಬೆನ್ನು ನಿಲ್ಲುತ್ತದೆ, ಕೈ ಆಟಕ್ಕೆ ಬಿಡುವಾಗುತ್ತದೆ.

ಚಮಚ ಹಿಡಿಯಲು ಒದ್ದಾಡುತ್ತಿದ್ದರೆ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಆಮೇಲೆ ಸುಮ್ನೆ ಕಾಯಿರಿ. ಕೈ ಹೊರಡುವುದಕ್ಕೆ ಹೊತ್ತು ಬೇಕು, ನಾವು ನಡುವೆ ಕೈ ಹಾಕಿದರೆ ಆ ಪ್ರಯತ್ನ ಅಲ್ಲೇ ನಿಂತುಹೋಗುತ್ತದೆ.

ಬಿಗಿ ಸ್ನಾಯುವನ್ನು ಮೆಲ್ಲಗೆ ಚಾಚಿ ಹಿಡಿಯುವ ಸ್ಟ್ರೆಚ್ ಎಷ್ಟು ಹೊತ್ತು ಅಂತ ನಿಮ್ಮ ಥೆರಪಿಸ್ಟ್ ಹತ್ತಿರ ಕೇಳಿ. ಮಗು ನೋವಿನಿಂದ ಅತ್ತರೆ ನಿಲ್ಲಿಸಿ. ಸೊಂಟದ ಕೀಲು ನಿಧಾನಕ್ಕೆ ಜಾರುವುದುಂಟು, ನೋವೇ ಇಲ್ಲದಿದ್ದರೂ ಡಾಕ್ಟರ್ ಹೇಳಿದ ಎಕ್ಸ್-ರೇ ತಪ್ಪಿಸಬೇಡಿ.