ಮೊದಲ ಖಾತೆಯನ್ನು ನಾನೇ ಆರಿಸಿದ ಮೂರು ವರ್ಷಗಳ ಲೆಕ್ಕ

ಈಚೆಗೆ ನನಗೆ ಹದಿನೆಂಟು ತುಂಬಿ, ಅಪ್ರಾಪ್ತ ವಯಸ್ಕರ ಖಾತೆಯು ಸಾಮಾನ್ಯ ಉಳಿತಾಯ ಖಾತೆಯಾಯಿತು. ಪಾಸ್‌ಬುಕ್ಕನ್ನು ಮೊದಲ ಪುಟದಿಂದ ಕೂಡಿ ನೋಡಿದಾಗ, ಅಷ್ಟೂ ಕಾಲದಲ್ಲಿ ಶುಲ್ಕದ ಹೆಸರಿನಲ್ಲಿ ಹೋದದ್ದು ಐವತ್ತು ರೂಪಾಯಿಯ ಆಸುಪಾಸು. ಕನಿಷ್ಠ ಹಣವನ್ನೂ ಇಡಬೇಕಿಲ್ಲದ ಈ ಖಾತೆಯನ್ನು ‘ಸೊನ್ನೆ ಬಾಕಿಯ ಬಡಖಾತೆ’ ಎಂದು ನಕ್ಕಿದ್ದ ಚಿಕ್ಕಪ್ಪನವರಿಗೆ ಆ ಪುಟಗಳನ್ನು ತೋರಿಸಿದ ಮೇಲೆಯೇ ಇದನ್ನು ಬರೆಯಲು ಕುಳಿತಿದ್ದೇನೆ.

ಮೊದಲು ಸೋತ ಕಥೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ತಾವೇ ಪೋಷಕರಾಗಿ ಒಂದು ಖಾಸಗಿ ಬ್ಯಾಂಕಿನಲ್ಲಿ ನನ್ನ ಹೆಸರಿಗೆ ಖಾತೆ ತೆರೆಸಿದ್ದರು. ಚಂದದ ಕಾರ್ಡು, ಚಂದದ ಆ್ಯಪ್, ಜೊತೆಗೆ ಖಾತೆಯಲ್ಲಿ ಸದಾ ಇರಲೇಬೇಕಾದ ಎರಡೂವರೆ ಸಾವಿರದ ಕನಿಷ್ಠ ಬಾಕಿ. ಮನೆಯ ಅಡಿಕೆ ಸುಲಿದು ಬಂದ ಹಣವನ್ನು ಸೈಕಲ್ಲಿಗೆಂದು ತೆಗೆದ ತಿಂಗಳಿನಿಂದ ದಂಡ ಆರಂಭವಾಯಿತು. ಜಿಎಸ್‌ಟಿ ಸೇರಿ ಒಂದೊಂದು ಸಲಕ್ಕೂ ಮುನ್ನೂರರ ಹತ್ತಿರ, ಅಂತಹ ಎರಡು ಸಲ. ಸುಲಿದು ಸುಲಿದು ಕಪ್ಪಾದ ಬೆರಳುಗಳನ್ನು ನೋಡಿಕೊಂಡು ಆ ಎಸ್‌ಎಂಎಸ್ ಓದಿದ್ದು ಇನ್ನೂ ನೆನಪಿದೆ.

ಎಸ್‌ಎಸ್‌ಎಲ್‌ಸಿ ಮುಗಿದ 2023ರ ಬೇಸಿಗೆಯಲ್ಲಿ ಒಂದು ನೋಟ್‌ಪುಸ್ತಕ ಹಿಡಿದು ನಮ್ಮ ತಾಲ್ಲೂಕು ಕೇಂದ್ರದ ಐದು ಶಾಖೆಗಳನ್ನೂ ಅಂಚೆ ಕಚೇರಿಯನ್ನೂ ಸುತ್ತಿದೆ. ಎಲ್ಲರೂ ಬಡ್ಡಿಯನ್ನೇ ಕೇಳು ಎಂದಿದ್ದರು. ನಾನು ಅದನ್ನು ಕೊನೆಗೆ ಇಟ್ಟುಕೊಂಡೆ. ಅಂಚೆ ಕಚೇರಿಯಲ್ಲಿ ಶೇ. 4, ದೊಡ್ಡ ಸರ್ಕಾರಿ ಬ್ಯಾಂಕಿನಲ್ಲಿ ಆಗ ಶೇ. 2.70. ನನ್ನ ಖಾತೆಯಲ್ಲಿ ಸರಾಸರಿ ಆರು ಸಾವಿರ ಇದ್ದರೆ ವರ್ಷಕ್ಕೆ 240 ಮತ್ತು 162, ಅಂದರೆ ವ್ಯತ್ಯಾಸ 78 ರೂಪಾಯಿ. ಒಂದೇ ಒಂದು ದಂಡವು ಮೂರು ವರ್ಷಕ್ಕೂ ಮಿಕ್ಕಿದ ಆ ವ್ಯತ್ಯಾಸವನ್ನು ನುಂಗುತ್ತದೆ. ಆದ್ದರಿಂದ ನಾನು ಕೇಳಿದ್ದು ಬಾಕಿ ಸೊನ್ನೆಗೆ ಇಳಿದರೆ ಏನು ಕಡಿತವಾಗುತ್ತದೆ, ಕಾರ್ಡಿಗೆ ವರ್ಷಕ್ಕೆ ಎಷ್ಟು, ನಾನೊಬ್ಬನೇ ಸಹಿ ಮಾಡಿ ಹಣ ತೆಗೆಯಬಹುದೇ, ಹದಿನೆಂಟಾದ ದಿನ ಖಾತೆ ಏನಾಗುತ್ತದೆ ಎಂಬುದನ್ನು. ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರಿಸಿದ್ದು ಒಂದೇ ಶಾಖೆ, ನಾನು ಆರಿಸಿದ್ದೂ ಅದನ್ನೇ. ಬಸ್ ನಿಲ್ದಾಣದ ಪಕ್ಕದಲ್ಲೇ ಅದರ ಎಟಿಎಂ ಇದ್ದದ್ದು ಇನ್ನೊಂದು ಕಾರಣ. ಅಂಚೆ ಕಚೇರಿಯಲ್ಲಿ ಎಟಿಎಂ ಇರಲಿಲ್ಲ.

ಆರಿಸಿದ್ದು ಸುಲಭ, ತೆರೆಸಿದ್ದು ಕಷ್ಟ. ‘ಅಪ್ಪನನ್ನು ಕರೆದುಕೊಂಡು ಬಾ’ ಎಂದು ಎರಡು ಸಲ ವಾಪಸ್ಸು ಕಳುಹಿಸಿದರು. ಹತ್ತು ವರ್ಷ ದಾಟಿದವರು ಖಾತೆಯನ್ನು ತಾವೇ ನಡೆಸಲು ಬ್ಯಾಂಕುಗಳು ಬಿಡಬಹುದೆಂದು ರಿಸರ್ವ್ ಬ್ಯಾಂಕ್ 2014ರ ಮೇ ತಿಂಗಳಲ್ಲೇ ಹೊರಡಿಸಿದ್ದ ಸುತ್ತೋಲೆಯ ಮುದ್ರಿತ ಪ್ರತಿಯನ್ನು ಮೂರನೆಯ ಸಲ ಒಯ್ದೆ. ಅದನ್ನು ಯಾವ ಹೊತ್ತಿನಲ್ಲಿ, ಯಾರ ಮೇಜಿನ ಮುಂದೆ ಇಟ್ಟೆನೆಂಬುದನ್ನು ಇಲ್ಲಿ ಹೇಳುವುದಿಲ್ಲ. ತಮ್ಮನ ಖಾತೆಯನ್ನು ತೆರೆಸುವುದು ಇನ್ನೂ ಉಳಿದಿದೆ. ಕನ್ನಡದಲ್ಲೇ ಸಹಿ ಮಾಡಿದೆ. ಮೊದಲ ಹಣ ಹಿಂಪಡೆಯುವ ಚೀಟಿಯನ್ನು ಸಹಿ ಹೊಂದುವುದಿಲ್ಲವೆಂದು ತಿರುಗಿಸಿಕೊಟ್ಟರು, ಮತ್ತು ತಪ್ಪು ನನ್ನದೇ ಆಗಿತ್ತು: ಒತ್ತಕ್ಷರವನ್ನು ಒಂದೊಂದು ಸಲ ಒಂದೊಂದು ರೀತಿ ಎಳೆಯುತ್ತಿದ್ದೆ.

ದೊಡ್ಡ ಪೆಟ್ಟು ಬಿದ್ದದ್ದು ಪ್ರಥಮ ಪಿಯುಸಿಯಲ್ಲಿ. ರೈತ ವಿದ್ಯಾನಿಧಿ ವಿದ್ಯಾರ್ಥಿವೇತನದ 2,500 ರೂಪಾಯಿ ಹೊಸ ಖಾತೆಗೆ ಬರುತ್ತದೆಂದು ಕಾಯುತ್ತಿದ್ದರೆ, ಅದು ನಾನು ಮರೆತೇಬಿಟ್ಟಿದ್ದ ಹಳೆಯ ಖಾತೆಗೆ ಹೋಗಿ, ಅಲ್ಲಿ ಬಾಕಿಯಿದ್ದ ದಂಡಗಳು ಕಳೆದು ಕೈಗೆ ಬಂದದ್ದು ಸುಮಾರು 1,900. ನೇರ ವರ್ಗಾವಣೆಯ ಹಣವು ನಾವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಯನ್ನು ನೋಡುವುದಿಲ್ಲ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ ಎಂಬುದನ್ನು ಆ ಆರುನೂರು ಕೊಟ್ಟು ಕಲಿತೆ. ಹೊಸ ಶಾಖೆಯಲ್ಲಿ ಒಪ್ಪಿಗೆ ಪತ್ರ ಕೊಟ್ಟು ಜೋಡಣೆಯನ್ನು ಬದಲಿಸಿ, ಆಧಾರ್ ಜಾಲತಾಣದಲ್ಲಿ ಅದು ಬದಲಾದದ್ದನ್ನು ಕಣ್ಣಾರೆ ನೋಡಿ, ಅನಂತರವೇ ಹಳೆಯ ಖಾತೆಯನ್ನು ಮುಚ್ಚಿಸಿದೆ. ಈ ಕ್ರಮವನ್ನು ಹಿಂದುಮುಂದು ಮಾಡಬಾರದು.

ನಡುವೆ ಒಂದೆರಡು ಪ್ರಯೋಗಗಳನ್ನೂ ಮಾಡಿದೆ. ನಮ್ಮೂರಿನ ಪತ್ತಿನ ಸಂಘದವರ ಬಳಿ ದಿನಕ್ಕೆ ಹತ್ತು ರೂಪಾಯಿಯಂತೆ ಎಂಟು ತಿಂಗಳು ಪಿಗ್ಮಿ ಕಟ್ಟಿದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಕರಾವಳಿಯಲ್ಲಿ ಆರಂಭಿಸಿದ ಪದ್ಧತಿಯೆಂಬ ಅಭಿಮಾನವೂ ಇತ್ತು. ಆದರೆ ಅವಧಿಗೆ ಮುನ್ನ ಮುರಿದದ್ದರಿಂದ ಬಡ್ಡಿ ಬರಲಿಲ್ಲ, ಅದರ ಮೇಲೆ ಎಪ್ಪತ್ತು ರೂಪಾಯಿ ಕಮಿಷನ್ ಹೋಯಿತು. ಬ್ಯಾಂಕಿನಲ್ಲಿರುವಂತೆ ಐದು ಲಕ್ಷದವರೆಗಿನ ಠೇವಣಿ ವಿಮೆಯೂ ಪತ್ತಿನ ಸಂಘಕ್ಕೆ ಇಲ್ಲ. ನನ್ನ ಖಾತೆಗೆ ಯುಪಿಐ ಕೊಡದ ಕಾರಣ, 2024ರಲ್ಲಿ ಬಂದ ಯುಪಿಐ ಸರ್ಕಲ್ ಮೂಲಕ ಅಪ್ಪನ ಖಾತೆಯಿಂದ ಪಾವತಿಸಲು ನೋಡಿದೆ. ಪ್ರತಿ ಪಾವತಿಗೂ ತಮ್ಮ ಒಪ್ಪಿಗೆ ಬೇಕೆಂಬ ಬಗೆಯನ್ನು ಅಪ್ಪ ಆರಿಸಿದ್ದರು. ಅವರು ಸಿಗ್ನಲ್ ಸಿಗದ ತೋಟದಲ್ಲಿ, ನಾನು ಬೇಕರಿಯ ಮುಂದೆ ತಿಂದು ಮುಗಿಸಿದ ಪಫ್ಸಿನ ಕಾಗದ ಹಿಡಿದು. ವಾರದಲ್ಲೇ ನಗದಿಗೆ ಮರಳಿದೆ.

ಹದಿನೆಂಟಾದಾಗ ಕೇಳಿದ್ದು ಹೊಸ ಸಹಿ, ಭಾವಚಿತ್ರ, ಆಧಾರ್ ಮತ್ತು ಪ್ಯಾನ್. ಎರಡು ಭೇಟಿಯಲ್ಲಿ ಕೆಲಸ ಮುಗಿಯಿತು, ಖಾತೆ ಸಂಖ್ಯೆಯೂ ಹಳೆಯದೇ ಉಳಿಯಿತು. ಹೋದ ವಾರ ಚಿಕ್ಕಪ್ಪನವರು ತಮ್ಮ ಹದಿಮೂರು ವರ್ಷದ ಮಗಳನ್ನು ನನ್ನ ಬಳಿಗೆ ಕಳುಹಿಸಿದ್ದರು. ಅವಳೀಗ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಹಿ ಅಭ್ಯಾಸ ಮಾಡುತ್ತಿದ್ದಾಳೆ.