ಮಿಕ್ಸಿಗೆ ಹಾಕಿ ನೋಡಿದ ಪ್ರಿಂಟು

ನಮ್ಮ ಪ್ರಿಂಟಿಂಗ್ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಕೆಲವರು ಈಚೆಗೆ "ರಿಸೈಕಲ್ ಆಗೋ ಇಂಕ್ ಐತೇನ್ರಿ?" ಅಂತ ಕೇಳುತ್ತಾರೆ. ಅಂಥ ಶಾಯಿ ಇಲ್ಲ. ಮತ್ತೆ ಬಳಕೆಗೆ ಬರುವುದು ಕಾಗದದ ನಾರು. ಶಾಯಿ, ಕಾಗದದ ಮಿಲ್ಲಿನಲ್ಲಿ ಕೆಸರಾಗಿ ಹೊರಗೆ ಹೋಗುತ್ತದೆ. ಆ ಶಾಯಿ ನಾರನ್ನು ಎಷ್ಟು ಸಲೀಸಾಗಿ ಬಿಟ್ಟುಕೊಡುತ್ತದೆ ಅನ್ನುವುದಷ್ಟೇ ನೋಡಬೇಕಾದದ್ದು. ಸೋಯಾ ಶಾಯಿ ಕೇಳುವವರೂ ಇದ್ದಾರೆ. ಅದು ಆಫ್‌ಸೆಟ್‌ನವರ ಮಾತು, ನಮ್ಮ ಟೋನರ್ ಯಂತ್ರಕ್ಕೆ ಅದನ್ನು ಸುರಿಯಲಾಗುವುದಿಲ್ಲ.

ಮಿಲ್ಲಿನವರು ರದ್ದಿಯನ್ನು ನೀರಿನಲ್ಲಿ ಕಲಸಿ, ಸೋಪಿನಂಥ ರಾಸಾಯನಿಕ ಹಾಕಿ, ಕೆಳಗಿನಿಂದ ಗಾಳಿ ಬಿಡುತ್ತಾರೆ. ನೀರಿಗೆ ಒಗ್ಗದ ಕಣಗಳು ಗುಳ್ಳೆಗೆ ಅಂಟಿ ನೊರೆಯಾಗಿ ಮೇಲೆ ಬರುತ್ತವೆ, ನೊರೆಯನ್ನು ಬಳಿದು ತೆಗೆಯುತ್ತಾರೆ. ಒಣ ಟೋನರ್ ಅಂದರೆ ಪುಡಿ ಮಾಡಿದ ಪ್ಲಾಸ್ಟಿಕ್ ರಾಳ. ಅದಕ್ಕೆ ನೀರು ಆಗದು, ಚಕ್ಕೆಯಾಗಿ ಎದ್ದು ತೇಲುತ್ತದೆ. ಹಾಗಾಗಿ ಲೇಸರ್ ಪ್ರಿಂಟು ಈ ಲೆಕ್ಕದಲ್ಲಿ ಒಳ್ಳೆಯದು. ಇಂಕ್‌ಜೆಟ್‌ನ ಡೈ ಶಾಯಿ ನೀರಿನಲ್ಲೇ ಕರಗಿ ಇಡೀ ತಿರುಳಿಗೆ ಬಣ್ಣ ಹಿಡಿಸುತ್ತದೆ. ಪಿಗ್ಮೆಂಟ್ ಶಾಯಿಯ ಕಣಗಳು ತೀರಾ ಸಣ್ಣವು, ಗುಳ್ಳೆಗೆ ಸಿಗದೆ ನಾರಿನ ಮಧ್ಯೆ ಸೇರಿಕೊಳ್ಳುತ್ತವೆ. ಪಿಗ್ಮೆಂಟನ್ನು ಮೇಲ್ಮೈಯಲ್ಲೇ ಹಿಡಿದಿಡುವ ಲೇಪ ಇರುವ ಇಂಕ್‌ಜೆಟ್ ಕಾಗದ ಹಾಕಿದರೆ ಈ ತೊಂದರೆ ಬಹಳ ಕಡಿಮೆ. ನೇರಳಾತೀತ ಬೆಳಕು ಬಿಟ್ಟು ಒಣಗಿಸುವ ಯುವಿ ಶಾಯಿ ಗಟ್ಟಿ ಪದರವಾಗಿ ಬಲಿತಿರುತ್ತದೆ, ಪುಡಿಯಾಗುವುದಿಲ್ಲ, ಹೊಸ ಕಾಗದದಲ್ಲಿ ಚುಕ್ಕೆಯಾಗಿ ಕಾಣುತ್ತದೆ.

ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. 80 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ, ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ. ಅಂಥ ಐದು ಪ್ರಿಂಟುಗಳನ್ನು ಅಂಚೆಚೀಟಿಯಷ್ಟು ತುಂಡು ಮಾಡಿ, ಅರ್ಧ ಲೀಟರ್ ಉಗುರುಬೆಚ್ಚನೆ ನೀರಿನಲ್ಲಿ ಒಂದು ಚಿಟಿಕೆ ವಾಷಿಂಗ್ ಸೋಡಾ, ಎರಡು ಹನಿ ಪಾತ್ರೆ ಸೋಪಿನೊಂದಿಗೆ ಹದಿನೈದು ನಿಮಿಷ ನೆನೆಸಬೇಕು. ಆಮೇಲೆ ಹಳೆಯ ಮಿಕ್ಸಿ ಜಾರಿನಲ್ಲಿ ನಿಧಾನದ ವೇಗಕ್ಕೆ ಅರ್ಧ ನಿಮಿಷ ತಿರುವಿ ಗಾಜಿನ ಬಾಟಲಿಗೆ ಸುರಿದರೆ ಸಾಕು. (ಆ ಜಾರನ್ನು ಮತ್ತೆ ಅಡುಗೆಮನೆಗೆ ಕಳಿಸಬೇಡಿ.) ಟೋನರ್ ಆದರೆ ನೊರೆಯ ಮೇಲೆ ಕಪ್ಪು ಪುಡಿ ಕೂತು, ಕೆಳಗಿನ ತಿರುಳು ಬೂದು ಬಿಳಿಯಾಗಿರುತ್ತದೆ. ಡೈ ಶಾಯಿ ಆದರೆ ನೀರು ಗುಲಾಬಿಯೋ ನೀಲಿಯೋ ಆಗುತ್ತದೆ. ಲ್ಯಾಮಿನೇಶನ್ ಮಾಡಿದ ವಿಸಿಟಿಂಗ್ ಕಾರ್ಡ್ ಹಾಕಿ ನೋಡಿ: ಕಾರ್ಡ್ ಅರೆಯುವುದೇ ಇಲ್ಲ. ಎರಡು ಕಡೆಯ ಫಿಲ್ಮ್ ನಡುವೆ ನಾರು ಒಣಗಿಯೇ ಉಳಿದಿರುತ್ತದೆ, ಬ್ಲೇಡಿಗೆ ಸುತ್ತಿಕೊಂಡದ್ದನ್ನು ಕೈಯಿಂದ ಬಿಡಿಸಬೇಕು.

ಶಾಯಿ ಬದಲಿಸಲು ದುಡ್ಡು ಹಾಕುವ ಮೊದಲು ಲ್ಯಾಮಿನೇಶನ್ ಬಿಡಬೇಕು ಅಂತ ನಾನು ಹೇಳುವುದು ಇದಕ್ಕೇ. ವಿಸಿಟಿಂಗ್ ಕಾರ್ಡಿಗೆ 300 ಜಿಎಸ್‌ಎಂ ಲೇಪವಿಲ್ಲದ ಬೋರ್ಡ್ ಹಾಕಿದರೆ ಫಿಲ್ಮ್ ಬೇಕಾಗುವುದಿಲ್ಲ. ಆದರೆ ಡಿಸೈನ್ ಬದಲಾಗಬೇಕು: ಅಂಚಿನವರೆಗೆ ಗಾಢ ಬಣ್ಣ ತುಂಬಿದರೆ ಕಿಸೆಯಲ್ಲಿ ಉಜ್ಜಿ ಅಂಚು ಬಿಳಿಚುತ್ತದೆ. ಬಿಳಿ ಜಾಗ ಬಿಟ್ಟು ಅಕ್ಷರಕ್ಕೆ ಒತ್ತು ಕೊಟ್ಟರೆ ಆ ಕಾಟ ಇಲ್ಲ, ಟೋನರೂ ಉಳಿಯುತ್ತದೆ. ಖಾನಾವಳಿಯ ಮೆನು ಕಾರ್ಡಿಗೆ ಮಾತ್ರ ಇದು ನಡೆಯುವುದಿಲ್ಲ, ಸಾರಿನ ಕೈ ತಾಗಿದ ದಿನವೇ ಹಾಳು. ಅದಕ್ಕೆ ಲ್ಯಾಮಿನೇಶನ್ ಮಾಡಿಯೇ ಕೊಡುತ್ತೇನೆ, ಸುಳ್ಳು ಹೇಳುವುದರಲ್ಲಿ ಅರ್ಥವಿಲ್ಲ.

ಇನ್ನು ಕಾಗದ. ಮರುಬಳಕೆ ಕಾಗದ ಒಂದೇ ದಾರಿಯಲ್ಲ. ತಮಿಳುನಾಡಿನ ಟಿಎನ್‌ಪಿಎಲ್ ಕಬ್ಬಿನ ಸಿಪ್ಪೆಯಿಂದ ಮಾಡುವ ಕಾಗದವೂ ಮರ ಉಳಿಸುವಂಥದ್ದೇ, ನಮ್ಮ ಯಂತ್ರದಲ್ಲಿ ತಕರಾರಿಲ್ಲದೆ ಓಡುತ್ತದೆ. ಮರುಬಳಕೆ ಕಾಗದದ ಗುಣ ಬೇರೆ. ಮತ್ತೆ ಮತ್ತೆ ಅರೆದ ನಾರು ಗಿಡ್ಡವಾಗಿರುತ್ತದೆ, ಧೂಳು ಉದುರುತ್ತದೆ, ಮಡಿಕೆಯಲ್ಲಿ ಬಿರಿಯುತ್ತದೆ, ಬಣ್ಣ ಸ್ವಲ್ಪ ಹಳದಿಗೋ ಬೂದಿಗೋ ತಿರುಗಿರುತ್ತದೆ. ಹೊಸ ಬಗೆ ಬಂದಾಗಲೆಲ್ಲ ಮೊದಲು ಐವತ್ತು ಹಾಳೆ ಓಡಿಸಿ, ಕ್ಯಾಲಿಬ್ರೇಶನ್ ಮಾಡಿ (ಯಂತ್ರದ ಬಣ್ಣ ಹೊಂದಿಸಿ), ಪರೀಕ್ಷೆಯ ಬೂದು ಪಟ್ಟಿ ಸರಿಯಾಗಿ ಬಂದ ಮೇಲೆಯೇ ಆರ್ಡರ್ ಹಿಡಿಯಬೇಕು. ಪ್ರಿಂಟಿನ ಗಾಢ ಭಾಗಕ್ಕೆ ಸೆಲೋಟೇಪ್ ಹಚ್ಚಿ ಎಳೆಯಿರಿ. ಟೋನರ್ ಎದ್ದು ಬಂದರೆ ಯಂತ್ರದಲ್ಲಿ ಕಾಗದದ ದಪ್ಪವನ್ನು ಒಂದು ಮೆಟ್ಟಿಲು ಏರಿಸಿ. ಆಗ ಟೋನರನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್ ಹೆಚ್ಚು ಬಿಸಿ ಕೊಡುತ್ತದೆ ಅಥವಾ ಹಾಳೆ ನಿಧಾನಕ್ಕೆ ಹೋಗುತ್ತದೆ.

25×36 ಇಂಚಿನ ಹಾಳೆಯನ್ನು ನಾಲ್ಕು ಮಾಡಿ 12×18ಕ್ಕೆ ಕತ್ತರಿಸಿಕೊಳ್ಳುವವರು ಬ್ಲೇಡಿನ ಮೊನೆ ನೋಡಿಕೊಳ್ಳಬೇಕು. ಮೊಂಡು ಬ್ಲೇಡಿನಿಂದ ಅಂಚಿನಲ್ಲಿ ನಾರಿನ ಹತ್ತಿ ಉಳಿದು, ಅದು ಪಿಕಪ್ ರೋಲರಿಗೆ ಹತ್ತುತ್ತದೆ. ಹಾಳೆ ಎಳೆಯದೆ ರೋಲರ್ ಜಾರಲು ಶುರುವಾದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಮಡಿಸುವ ಕೆಲಸಕ್ಕೆ ಕಾಗದದ ಎಳೆ (ನಾರು ಮಲಗಿದ ದಿಕ್ಕು) ಮಡಿಕೆಗೆ ಸಮಾನಾಂತರ ಇರಬೇಕು. ಎಳೆ ತಿಳಿಯಲು ಒಂದು ತುಂಡಿನ ಒಂದೇ ಮುಖ ಒದ್ದೆ ಮಾಡಿ: ಸುರುಳಿಯಾದಾಗ ಕೊಳವೆಯ ಉದ್ದ ಯಾವ ಕಡೆಗೋ ಎಳೆಯೂ ಅದೇ ಕಡೆ. 170 ಜಿಎಸ್‌ಎಂ ದಾಟಿದರೆ ಕ್ರೀಸಿಂಗ್ ಮಾಡದೆ, ಅಂದರೆ ಮಡಿಕೆಯ ಗೆರೆ ಒತ್ತದೆ, ಮಡಿಸಲೇಬೇಡಿ.

ಇಷ್ಟೆಲ್ಲ ಮಾಡಿದರೂ ಕಲಬುರಗಿಯಲ್ಲಿ ಮರುಬಳಕೆ ಕಾಗದ ಸಿಕ್ಕಿಹಾಕಿಕೊಳ್ಳುವುದಕ್ಕೆ ದೊಡ್ಡ ಕಾರಣ ಹವೆ. ಲಗ್ನಪತ್ರಿಕೆಯ ಕೆಲಸ ಬರುವುದು ಏಪ್ರಿಲ್, ಮೇ ತಿಂಗಳ ಬೆಂಕಿ ಬಿಸಿಲಿನಲ್ಲೇ. ಗಾಳಿ ಒಣಗಿದಾಗ ಕಾಗದವೂ ಒಣಗಿ ಸ್ಟ್ಯಾಟಿಕ್ ಹಿಡಿಯುತ್ತದೆ. ಎರಡೆರಡು ಹಾಳೆ ಒಟ್ಟಿಗೆ ಹೋಗುತ್ತವೆ, ಅಕ್ಷರದ ಸುತ್ತ ಟೋನರ್ ಚದುರುತ್ತದೆ. ಫ್ಯೂಸರ್ ಉಳಿದ ತೇವವನ್ನೂ ಹೀರಿ ಹಾಳೆ ದೋಣಿಯಾಗುತ್ತದೆ, ಎರಡನೇ ಬದಿಗೆ ಹೋಗುವಾಗ ಜಾಮ್. ಮಳೆಗಾಲದಲ್ಲಿ ಉಲ್ಟಾ: ತೇವದ ಹಾಳೆಯಲ್ಲಿ ಚಾರ್ಜ್ ನಿಲ್ಲದೆ ಗಾಢ ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ, ಆರ್ಟ್ ಪೇಪರಿನಲ್ಲಿ ಬಿಸಿಗೆ ಗುಳ್ಳೆ ಏಳುತ್ತದೆ.

ಯಂತ್ರದ ಪಕ್ಕ ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ಇಟ್ಟು ಶೇಕಡಾ 45ರಿಂದ 55ರೊಳಗೆ ನಿಲ್ಲಿಸಲು ನೋಡುತ್ತೇನೆ. ಬೇಸಿಗೆಯಲ್ಲಿ ಇದಕ್ಕೆ ಮನೆಯ ಕೂಲರೇ ಸಾಕು, ಆದರೆ ಅದರ ಗಾಳಿ ನೇರ ಕಾಗದದ ಮೇಲೆ ಬೀಳಬಾರದು, ಎದುರಿನ ಕಿಟಕಿ ತೆರೆದಿರಬೇಕು. ಬಾಗಿಲು ಮುಚ್ಚಿ ಓಡಿಸಿದರೆ ಮುಳ್ಳು 70 ದಾಟುತ್ತದೆ, ಸಂಜೆಗೆ ಹಾಳೆಯ ಅಂಚು ಅಲೆಅಲೆ. ಮಂಜು ಉಗುಳುವ ಹ್ಯುಮಿಡಿಫೈಯರ್ ಮಾತ್ರ ನಮ್ಮ ಬೋರಿನ ಸೌಳು ನೀರಿಗೆ ಬೇಡವೇ ಬೇಡ. ಆ ಮಂಜು ಒಣಗಿದಲ್ಲೆಲ್ಲ ಬಿಳಿ ಉಪ್ಪಿನ ಪುಡಿ ಕೂರುತ್ತದೆ, ಯಂತ್ರದೊಳಗೂ. ಕೂಲರ್ ಆ ಉಪ್ಪನ್ನು ಹುಲ್ಲಿನ ಪ್ಯಾಡಿನಲ್ಲೇ ಹಿಡಿದುಕೊಳ್ಳುತ್ತದೆ. ಗೋದಾಮಿನಿಂದ ಬಂದ ಬಂಡಲನ್ನು ಹೊದಿಕೆ ಬಿಚ್ಚದೆ ಒಂದು ದಿನ ಯಂತ್ರದ ಕೋಣೆಯಲ್ಲಿಡಿ. ಬಿಚ್ಚಿ ಉಳಿದದ್ದನ್ನು ಅದೇ ಹೊದಿಕೆಯಲ್ಲಿ ಸುತ್ತಿ ಟೇಪ್ ಹಚ್ಚಿಡಿ.

ಬೈಂಡಿಂಗಿನಲ್ಲಿ ಸ್ಟೇಪಲ್ ಪಿನ್ನಿಗೆ ಹೆದರಬೇಕಿಲ್ಲ, ಮಿಲ್ಲಿನಲ್ಲಿ ಲೋಹ ಬೇರೆಯಾಗುತ್ತದೆ. ಕಾಟ ಕೊಡುವುದು ಹಾಟ್‌ಮೆಲ್ಟ್ ಅಂಟು. ಬಿಸಿಗೆ ಮೆದುವಾಗಿ ಜರಡಿಯಿಂದ ನುಸುಳಿ ಹೊಸ ಕಾಗದಕ್ಕೆ ಜಿಗುಟಾಗಿ ಅಂಟುತ್ತದೆ. ವಿಶ್ವವಿದ್ಯಾಲಯದ ಥೀಸಿಸ್‌ಗಳಿಗೆ ದಾರದ ಹೊಲಿಗೆ, ಮೈದಾ ಅಂಟು, ರೆಕ್ಸಿನ್ ಬದಲು ಬೈಂಡಿಂಗ್ ಬಟ್ಟೆ. ಕೆಲಸ ಒಂದು ದಿನ ಹೆಚ್ಚು ಹಿಡಿಯುತ್ತದೆ, ಅದನ್ನು ಮೊದಲೇ ಹೇಳಿ ಆರ್ಡರ್ ತೆಗೆದುಕೊಳ್ಳಬೇಕು. ಫ್ಲೆಕ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ರಾಜ್ಯದಲ್ಲಿ 2016ರಲ್ಲೇ ನಿಷೇಧವಾಗಿದೆ. ಕೇಳಿದವರಿಗೆ ಹತ್ತಿ ಬಟ್ಟೆಯ ಬ್ಯಾನರ್ ಕೊಡುತ್ತೇವೆ.

ಕಟಿಂಗ್ ಯಂತ್ರದ ಕೆಳಗೆ ಮೂರು ಚೀಲ ಇರಲಿ: ಪ್ರಿಂಟಾಗದ ಬಿಳಿ ಅಂಚು, ಪ್ರಿಂಟಾದ ಕಾಗದ, ಫಿಲ್ಮ್ ಇರುವುದು. ಬಿಳಿ ಅಂಚಿಗೆ ರದ್ದಿಯವನು ಬೇರೆಯೇ ರೇಟು ಕೊಡುತ್ತಾನೆ. ಅದರಲ್ಲಿ ನಾಲ್ಕು ಲ್ಯಾಮಿನೇಶನ್ ಚೂರು ಕಂಡರೆ ಇಡೀ ಚೀಲವನ್ನು ಕೆಳಗಿನ ರೇಟಿಗೆ ತೂಗುತ್ತಾನೆ. ವೇಸ್ಟ್ ಟೋನರ್ ಡಬ್ಬಿ ಈ ಯಾವ ಚೀಲಕ್ಕೂ ಸೇರದು, ಮುಚ್ಚಳ ಬಿಗಿದು ಖಾಲಿ ಕಾರ್ಟ್ರಿಜ್ ಜೊತೆ ಇ-ತ್ಯಾಜ್ಯದವರಿಗೆ ಕೊಡಬೇಕು. ಚೆಲ್ಲಿದ ಟೋನರನ್ನು ಮನೆಯ ವ್ಯಾಕ್ಯೂಮ್‌ನಿಂದ ಎಳೆಯಬೇಡಿ, ಸಣ್ಣ ಪುಡಿ ಫಿಲ್ಟರ್ ದಾಟಿ ಕೋಣೆ ತುಂಬ ಹಾರುತ್ತದೆ, ಮೋಟಾರಿನ ಕಿಡಿಗೆ ಹೊತ್ತಿಕೊಳ್ಳಲೂಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಕೈಯನ್ನು ತಣ್ಣೀರಿನಲ್ಲೇ ತೊಳೆಯಿರಿ.