ನಂದಿ ಬೆಟ್ಟದ ರೆಡ್ ವೈನ್‌ಗೆ ಆ ರುಚಿ ಎಲ್ಲಿಂದ ಬರುತ್ತೆ, ಹೆಂಗೆ ಪತ್ತೆ ಹಚ್ಚೋದು

ಬಾಟಲ್ ಹಿಂದೆ ಬರ್ದಿರೋ ಚಾಕ್ಲೆಟ್, ಚೆರ್ರಿ ಕಥೆ ಬಿಡಿ, ಫೆಬ್ರವರಿ-ಮಾರ್ಚ್‌ನಲ್ಲಿ ದೊಡ್ಡಬಳ್ಳಾಪುರದ ಕಡೆ ಯಾವ್ದಾದ್ರೂ ವೈನ್‌ಯಾರ್ಡ್ ಟೂರ್‌ಗೆ ಹೋಗಿ, ಆಗ ದ್ರಾಕ್ಷಿ ಕಟಾವು ನಡೀತಿರುತ್ತೆ. ಫ್ರಾನ್ಸ್‌ನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಆಗೋ ಕೆಲ್ಸ ಇದು. ನಮ್ಮಲ್ಲಿ ಬಳ್ಳಿ ಚಳಿಗೆ ಮಲಗೋದೇ ಇಲ್ಲ, ಅದಕ್ಕೆ ಎರಡು ಸಲ ಕತ್ತರಿ ಹಾಕ್ತಾರೆ, ಏಪ್ರಿಲ್ ಆಸುಪಾಸು ಕಡ್ಡಿ ಬೆಳೆಯೋಕೆ, ಮಳೆಗಾಲ ಮುಗೀತಾ ಬಂದಾಗ ಹಣ್ಣಿಗೆ, ಹಂಗಾಗಿ ಗೊಂಚಲು ಮಳೇಲಿ ಕೊಳೆಯೋದು ತಪ್ಪುತ್ತೆ, ಡಿಸೆಂಬರ್-ಜನವರಿಯ ತಣ್ಣನೆ ರಾತ್ರಿಗಳೂ ಸಿಗುತ್ವೆ. ಆ ತಂಪೇ ಹುಳಿ ಉಳಿಸೋದು.

ತೊಂದ್ರೆ ಇರೋದು ಆಮೇಲೆ. ಬಿಸಿಲೇರಿದ್ರೆ ಸಕ್ಕರೆ ಮುಂದೆ ಓಡುತ್ತೆ, ಸಿಪ್ಪೆ-ಬೀಜ ಬಲಿಯೋದು ಹಿಂದೆ ಬೀಳುತ್ತೆ. ಕೇಳಿ ಒಂದು ಹಣ್ಣು ತಗೊಂಡು ಬಾಯಿಗೆ ಹಾಕ್ಕೊಳ್ಳಿ, ಸಿಹಿ ಇದೆ ಅಂತ ನುಂಗ್ಬೇಡಿ, ಬೀಜ ಅಂಗೈಗೆ ಉಗಿದು ನೋಡಿ: ಹಸಿರಿದ್ರೆ ಕಡಿದಾಗ ಕಹಿ, ನಾಲಿಗೆ ಒಣಗಿಸೋ ಒಗರು, ಕಂದು ಬಣ್ಣಕ್ಕೆ ತಿರುಗಿ ಕಟ್ ಅಂತ ಮುರಿದ್ರೆ ಹಣ್ಣಾಗಿದೆ. ಮೀಟರ್‌ನಲ್ಲಿ 23-24 ಬ್ರಿಕ್ಸ್ (ರಸದ ಸಕ್ಕರೆ ಅಳತೆ) ಬಂದ್ರೂ ಬೀಜ ಹಸಿರಿದ್ರೆ ಕಾಯಬೇಕಾ ಬೇಡ್ವಾ ಅನ್ನೋದೇ ನನ್ನ ಪ್ರಕಾರ ಆ ವರ್ಷದ ದೊಡ್ಡ ತೀರ್ಮಾನ, ಯಾಕಂದ್ರೆ ಕಾದ್ರೆ ಆಲ್ಕೋಹಾಲ್ ಏರುತ್ತೆ, ಹುಳಿ ಇಳಿಯುತ್ತೆ. ಹುಳಿ ಕಮ್ಮಿಯಾದ್ರೆ ಟಾರ್ಟಾರಿಕ್ ಆಸಿಡ್ ಸೇರಿಸ್ತಾರೆ, ಬಿಸಿ ಊರಲ್ಲಿ ಇದು ಮಾಮೂಲಿ, ಮೂಗು ಮುರಿಯೋ ವಿಷ್ಯ ಅಲ್ಲ. (ಪಕ್ಕದ ತೋಟದ ಬೆಂಗಳೂರು ಬ್ಲೂ ದ್ರಾಕ್ಷಿ ಜ್ಯೂಸ್‌ಗೆ ಸೂಪರ್, ಈ ಥರದ ಸಿಹಿಯಿಲ್ಲದ ಡ್ರೈ ರೆಡ್‌ಗೆ ಅದರ ಘಾಟು ಒಗ್ಗಲ್ಲ.)

ಇನ್ನು ವೈನ್ ಮಾಡೋ ಸೆಲ್ಲಾರ್‌ಗೆ ಬನ್ನಿ. ದ್ರಾಕ್ಷಿ ತಳಿ ಶಿರಾಜ್ ಆಗ್ಲಿ, ಕ್ಯಾಬರ್ನೆ ಆಗ್ಲಿ, ಒಳಗಿನ ರಸಕ್ಕೆ ಬಣ್ಣ ಇರಲ್ಲ, ಕೆಂಪೆಲ್ಲ ಸಿಪ್ಪೇದು. ಹುದುಗುವಾಗ ಸಿಪ್ಪೆ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತೆ, ಕೆಳಗಿನ ರಸ ಪಂಪ್ ಮಾಡಿ ಅದನ್ನ ತೋಯಿಸ್ತಾ ಇರ್ತಾರೆ. ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಅಂತ ಕೇಳಿ. ಬಣ್ಣ ಬಹುಪಾಲು ಮೊದಲ ಕೆಲವು ದಿನಗಳಲ್ಲೇ ಬಂದುಬಿಡುತ್ತೆ, ಆಮೇಲೆ ದಿನ ಜಾಸ್ತಿಯಾದಷ್ಟೂ ಒಗರು ಜಾಸ್ತಿ, ಬೀಜ ಬಲಿಯದಿದ್ರೆ ಮಾತ್ರ ಬೇಗ ಸಿಪ್ಪೆ ಬೇರೆ ಮಾಡೋದೇ ಜಾಣತನ. ಟ್ಯಾಂಕ್ 30 ಡಿಗ್ರಿ ಒಳಗಿಟ್ರೆ ಒಳ್ಳೇದು, 35 ದಾಟಿದ್ರೆ ಯೀಸ್ಟ್ ಸುಸ್ತಾಗುತ್ತೆ.

ವೈನ್ ಮಾಗಿಸೋ ಮರದ ಬ್ಯಾರಲ್ ಹೊಸದಾ ಹಳೇದಾ ಅಂತಾನೂ ಕೇಳಿ, ಹೊಸ ಅಮೆರಿಕನ್ ಓಕ್ ಮರದ್ದಾದ್ರೆ ವೆನಿಲ್ಲಾ, ಕೊಬ್ಬರಿ ವಾಸನೆ ಎದ್ದು ಬರುತ್ತೆ. ಎಳೇ ಶಿರಾಜ್‌ಗೆ ಅಷ್ಟೆಲ್ಲ ಮರ ತುರುಕೋದು ನಂಗೆ ದಂಡ ಅನ್ಸುತ್ತೆ.

ಮನೇಲಿ ಚೆಕ್ ಮಾಡೋಕೆ ಒಂದೇ ತಳಿಯ ಎರಡು ಬಾಟಲ್ ತನ್ನಿ, ಒಂದು ಬ್ಯಾರಲ್‌ದು, ಇನ್ನೊಂದು ಬ್ಯಾರಲ್ ಕಾಣದ್ದು. ಕುಡಿಯೋಕೆ ಮುಂಚೆ ಎರಡನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, ಬೇಸಿಗೆ ಶೆಕೇಲಿ ಹಂಗೇ ಸುರ್ಕೊಂಡ್ರೆ ಮೂಗಿಗೆ ಬರೀ ಆಲ್ಕೋಹಾಲ್ ಹೊಡೆಯುತ್ತೆ.